ನೆಪಕ್ಕೆ ನಿಂತವಳು

ನಾವು ನೋಡಿ ಬಂದ ಯಾವ ದೇಶದಲ್ಲೂ ನನ್ನದು ಅಂತ ಒಂದು ಫೋಟೋ ಇಲ್ಲ. ಹಾಗಂತ ನನ್ನನ್ನು ಯಾರೂ ನಿಲ್ಲಿಸಲಿಲ್ಲ ಅಂತಲ್ಲ. ಸೇತುವೆಯ ಮುಂದೆ, ಗಡಿಯಾರದ ಗೋಪುರದ ಮುಂದೆ, ಕಾರಂಜಿಯ ಮುಂದೆ, ಮೀನು ಮಾರುವವರ ಮುಂದೆ, ಬೂಟು ಹೊಲಿಯುವವನ ಮುಂದೆ, ಬೀದಿಯಲ್ಲೇ ಜಗಳಕ್ಕೆ ನಿಂತ ಗಂಡ ಹೆಂಡಿರ ಮುಂದೆ, ಎಲ್ಲ ಕಡೆ ನಿಂತಿದ್ದೇನೆ. ಎದುರಿಗೆ ನಮ್ಮನೆಯವರು ಒಂದು ಕಣ್ಣು ಮುಚ್ಚಿ, ಕ್ಯಾಮೆರಾ ಎತ್ತಿ, “ಹಾಂ, ಹಾಗೇ ಇರು, ಒಂಚೂರು ಎಡಕ್ಕೆ” ಅಂದಿದ್ದಾರೆ. ನಾನು ಎಡಕ್ಕೆ ಸರಿದಿದ್ದೇನೆ. ಮದುವೆಯಾದಾಗಿನಿಂದ ಸರಿಯುತ್ತಲೇ ಇದ್ದೇನೆ.

ಈ ತಂತ್ರಕ್ಕೆ ಅವರ ಕ್ಲಬ್ಬಿನಲ್ಲಿ ‘ನೆಪ’ ಅಂತ ಹೆಸರು. ಗುರುತಿಲ್ಲದವರ ಮುಖಕ್ಕೆ ನೇರವಾಗಿ ಕ್ಯಾಮೆರಾ ಹಿಡಿದರೆ ಅವರು ಬಿಗಿದುಕೊಳ್ಳುತ್ತಾರೆ, ಇಲ್ಲವೇ ಕೈ ಅಡ್ಡ ಹಿಡಿಯುತ್ತಾರೆ, ಕೆಲವರು ಬಗ್ಗಿ ಚಪ್ಪಲಿಗೆ ಕೈ ಹಾಕುವುದೂ ಉಂಟು. ಅದಕ್ಕೆ ಮದ್ದು ಹೆಂಡತಿ. ಅವಳನ್ನು ಆ ಜನರಿಂದ ನಾಲ್ಕು ಹೆಜ್ಜೆ ಈಚೆ ನಿಲ್ಲಿಸಿ ಅವಳ ಫೋಟೋ ತೆಗೆಯುವ ಹಾಗೆ ನಟಿಸಬೇಕು. ನೋಡಿದವರು ‘ಪಾಪ, ಹೆಂಡತಿ ಮೇಲೆ ಎಷ್ಟು ಪ್ರೀತಿ’ ಅಂದುಕೊಂಡು ತಮ್ಮ ಪಾಡಿಗೆ ತಾವು ಮೂಗು ಕೆರೆಯುತ್ತಲೋ, ಅಳುತ್ತಲೋ, ಮುತ್ತಿಡುತ್ತಲೋ ಇರುತ್ತಾರೆ. ಆಗ ಅವಳ ಭುಜದ ಮೇಲಿಂದ ಅವರನ್ನು ಹಿಡಿಯಬೇಕು. ಚಿತ್ರದ ಅಂಚಿನಲ್ಲಿ ಉಳಿದುಕೊಂಡ ನನ್ನ ಕಿವಿ, ಅರ್ಧ ಕೆನ್ನೆ, ಸ್ವೆಟರಿನ ತೋಳು ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿ ಹೋಗುತ್ತವೆ. ಕೈ ಹಿಡಿದ ಗಂಡ ಕಿವಿ ಕತ್ತರಿಸುವುದಕ್ಕೆ ಕಲೆ ಅಂತ ಹೆಸರು.

ನೆಪಕ್ಕೆ ನಿಲ್ಲುವುದಕ್ಕೂ ಶಿಸ್ತಿದೆ.

“ತುಟಿ ಸೇರ್ಸು. ಬಾಯಿ ತೆಗೆದು ನಕ್ರೆ ಎಲ್ಲಾರೂ ನಿನ್ನ ಕಡೆ ತಿರುಗ್ತಾರೆ. ನೆಪ ಅಂದ್ರೆ ನೆಪದ ಥರ ಇರ್ಬೇಕು.”

“ಹಾಗಾದ್ರೆ ನಗ್ಲೇಬಾರ್ದೇನ್ರೀ?”

“ನಗು. ಬಾಯಿ ಮುಚ್ಕೊಂಡು ನಗು.”

ನಮ್ಮನೆಯವರು ವಿಮೆ ಕಂಪನಿಯ ಸರ್ವೇಯರ್. ವಾರವೆಲ್ಲ ಸುಟ್ಟ ಅಂಗಡಿ, ಜಜ್ಜಿದ ಕಾರು, ನೀರು ನುಗ್ಗಿದ ಗೋದಾಮುಗಳ ಫೋಟೋ ತೆಗೆದು ನಷ್ಟ ಎಷ್ಟು ಅಂತ ಅಂದಾಜು ಹಾಕುವ ಕೆಲಸ. ಆ ಕಣ್ಣು ಮನೆಗೆ ಬಂದರೂ ಬದಲಾಗುವುದಿಲ್ಲ. ನಾನು ಹೊಸ ಬಟ್ಟೆ ಹಾಕಿಕೊಂಡು ಎದುರಿಗೆ ನಿಂತರೆ ಗುದ್ದಿದ ಕಾರಿನ ಬಾನೆಟ್ ನೋಡುವ ಹಾಗೆ ಒಮ್ಮೆ ನೋಡಿ, ರಿಪೇರಿ ಗಿಟ್ಟುವುದಿಲ್ಲ ಅನ್ನುವಂತೆ ಪೇಪರ್ ಎತ್ತಿಕೊಳ್ಳುತ್ತಾರೆ. ಭಾನುವಾರ ಮಾತ್ರ ಅವರು ಕಲಾವಿದರು. ‘ಸಹಜ ಛಾಯಾ ಬಳಗ’ದ ಹಿರಿಯ ಸದಸ್ಯರು.

ಈ ಸಹಜ ಬಳಗದಷ್ಟು ಅಸಹಜವಾದ ಗುಂಪನ್ನು ನಾನು ಬೇರೆಲ್ಲೂ ನೋಡಿಲ್ಲ. ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಅದರ ತುಂಬ ಮೈಯೆಲ್ಲ ಜೇಬಿರುವ ಕೋಟು ಹಾಕಿಕೊಂಡ ಗಂಡಸರು. ಆ ಜೇಬುಗಳಲ್ಲಿ ಏನಿರುತ್ತದೆ ಅಂತ ಒಮ್ಮೆ ಬಟ್ಟೆ ಒಗೆಯುವ ಮುಂಚೆ ಹುಡುಕಿದ್ದೆ. ಒಂದರಲ್ಲಿ ಕರ್ಚೀಫು, ಇನ್ನೊಂದರಲ್ಲಿ ಅಸಿಡಿಟಿ ಮಾತ್ರೆ, ಉಳಿದವುಗಳಲ್ಲಿ ಬರೀ ಗಾಳಿ. ಇವರು ಫೋಟೋ ‘ತೆಗೆಯುವುದಿಲ್ಲ’, ‘ಹೊಡೆಯುತ್ತಾರೆ’.

“ನಿನ್ನೆ ಮಾರ್ಕೆಟ್ಟಲ್ಲಿ ಇಬ್ರು ಮುದುಕೀರನ್ನ ಹೊಡ್ದೆ ಸಾರ್.”

“ಬೆಳಕಿತ್ತಾ?”

“ಬೆಳಕಿತ್ತು ಸಾರ್, ಹಲ್ಲಿರ್ಲಿಲ್ಲ.”

“ಬ್ಯೂಟಿಫುಲ್!”

ವರ್ಷಕ್ಕೊಬ್ಬರಿಗೆ ಬಳಗವು ‘ಸಹಜ ಶಿರೋಮಣಿ’ ಅನ್ನುವ ಬಿರುದು ಕೊಡುತ್ತದೆ. ಒಂದೇ ವಿಷಯದ ಮೇಲೆ ಹತ್ತು ಚಿತ್ರ ಇಡಬೇಕು. ಚಿತ್ರದಲ್ಲಿರುವವರು ಅಪರಿಚಿತರೇ ಆಗಿರಬೇಕು. ಬಂಧುಗಳು, ಸ್ನೇಹಿತರು ಕೂಡದು. ಕ್ಯಾಮೆರಾ ತಮ್ಮನ್ನು ನೋಡುತ್ತಿದೆ ಅಂತ ಅವರಿಗೆ ತಿಳಿದಿರಬಾರದು. ಇದರಲ್ಲಿ ಮೋಸ ಕಂಡರೆ ಬಿರುದೂ ಹೋಯಿತು, ಬಳಗದಲ್ಲಿದ್ದ ಹೆಸರೂ ಹೋಯಿತು. ನಮ್ಮನೆಯವರ ವಿಷಯ ‘ಮಾನವ ಹರ್ಷ’. ಒಂಬತ್ತು ಹರ್ಷ ಸಿಕ್ಕಿತ್ತು. ಹತ್ತನೆಯದಕ್ಕಾಗಿ ಊಟ ರುಚಿಸದೆ, ನಿದ್ದೆ ಹತ್ತದೆ, ಮನೆಯಲ್ಲಿ ಯಾರೂ ಹರ್ಷದಿಂದ ಇರದ ಹಾಗೆ ನೋಡಿಕೊಂಡಿದ್ದರು.

ಅವರಿಗೆ ಎದುರಾಳಿ ಹಲ್ಲು ಡಾಕ್ಟ್ರು. ಬಳಗದ ಕಾರ್ಯದರ್ಶಿ. ಬಾಯಿ ತುಂಬ ‘ಅಣ್ಣ’ ಅನ್ನುತ್ತಾರೆ, ಬೆನ್ನ ಹಿಂದೆ ಏನನ್ನುತ್ತಾರೋ ಅದನ್ನು ಅವರ ಹೆಂಡತಿ ನನಗೆ ಫೋನಿನಲ್ಲಿ ಹೇಳುತ್ತಾರೆ. ಡಾಕ್ಟ್ರಿಗೂ ಒಂಬತ್ತು ಚಿತ್ರ ಆಗಿತ್ತು. ಅವರ ತಂತ್ರ ಬೇರೆ. ಹೆಂಡತಿ ನೆಪಕ್ಕೆ ನಿಲ್ಲಲು ಒಪ್ಪದ್ದರಿಂದ ಬೂಟಿನ ದಾರ ಕಟ್ಟುವವರ ಹಾಗೆ ನಡುಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಮಂಡಿಯ ಸಂದಿಯಿಂದ ಹೊಡೆಯುತ್ತಾರೆ. ಅವರ ಚಿತ್ರಗಳಲ್ಲಿ ಮಾನವಕುಲದ ಮೂಗಿನ ಹೊಳ್ಳೆಗಳು ಬಹಳ ಚೆನ್ನಾಗಿ ಬಂದಿರುತ್ತವೆ.

ಇಬ್ಬರೂ ಸೇರಿ ಹತ್ತನೆಯ ಹರ್ಷಕ್ಕಾಗಿ ಹೊರದೇಶಕ್ಕೆ ಹೊರಟರು. ಒಬ್ಬರನ್ನೊಬ್ಬರು ಬಿಟ್ಟು ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹೊರಡುವ ವಾರದಲ್ಲೇ ನನ್ನ ಮೇಲಿನ ಸಾಲಿನ ಹಲ್ಲೊಂದು ಮುರಿಯಿತು. ಡಾಕ್ಟ್ರ ಕುರ್ಚಿಯಲ್ಲಿ ಮಲಗಿದೆ.

“ಅತ್ತಿಗೆ, ದೊಡ್ಡದಾಗಿ ಬಾಯಿ ತೆಗೀರಿ. ಇನ್ನೂ ದೊಡ್ಡದು. ಅಣ್ಣಂಗೆ ಹತ್ತನೇದು ಸಿಕ್ತಾ?”

“ಆಂ... ಗ್ಗ...”

“ಸಿಕ್ಕಿಲ್ಲ ಅನ್ನಿ. ನೋಡಿ, ನಂಗೊಂಥರಾ ಸಂಕಟ ಆಗುತ್ತೆ. ಪಾಪ ಅವರಿಗೂ ವಯಸ್ಸಾಯ್ತು. ಆದ್ರೆ ಕಲೆ ವಯಸ್ಸು ನೋಡಲ್ವಲ್ಲ?”

ಬಾಯೊಳಗೆ ಅವರ ಎರಡು ಬೆರಳು, ಒಂದು ಕನ್ನಡಿ, ನೀರು ಎಳೆಯುವ ಕೊಳವೆ. ವಾದ ಮಾಡುವುದಕ್ಕೆ ಎದುರಿನವರ ಬಾಯನ್ನು ಹೀಗೆ ಮೊದಲೇ ಭರ್ತಿ ಮಾಡಿಟ್ಟುಕೊಳ್ಳುವ ಅನುಕೂಲ ಬೇರೆ ಯಾವ ವೃತ್ತಿಯಲ್ಲೂ ಇಲ್ಲ. ಹೊಸ ಹಲ್ಲು ಕೂರಿಸಿ ಆದ ಮೇಲೆ ಡಾಕ್ಟ್ರು ಒಂದು ಹೆಜ್ಜೆ ಹಿಂದೆ ಹೋಗಿ ನೋಡಿದರು. ಮುಖ ಸ್ವಲ್ಪ ಸಣ್ಣದಾಯಿತು.

“ಲ್ಯಾಬಿನವನು ಬಣ್ಣ ತಪ್ಪು ಕಳ್ಸಿದ್ದಾನೆ. ಒಂಚೂರು ಬಿಳುಪು ಜಾಸ್ತಿ. ಇರ್ಲಿ, ಹೋಗಿ ಬಂದ್ಮೇಲೆ ಬದಲಾಯ್ಸೋಣ. ಯಾರಿಗೆ ಕಾಣ್ಬೇಕು ಅತ್ತಿಗೆ? ನೀವೇನು ಅಷ್ಟು ಬಾಯಿ ತೆಗೆದು ನಗೋರಾ?”

ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ. ಹೊಗೆ ಹಿಡಿದ ಅಡುಗೆಮನೆಯ ಗೋಡೆಗೆ ಒಂದೇ ಒಂದು ಹೊಸ ಟೈಲ್ಸ್ ಅಂಟಿಸಿದ ಹಾಗಿತ್ತು. ನಮ್ಮನೆಯವರಿಗೆ ತೋರಿಸೋಣ ಅಂತ ಹೋದೆ. ಅವರು ಲೆನ್ಸು ಒರೆಸುತ್ತಿದ್ದರು. “ನೆರಳು ಬೀಳ್ತಿದೆ, ಆ ಕಡೆ ಹೋಗು” ಅಂದರು. ಹೋದೆ.

ಹೊರದೇಶದ ಆ ಊರಿನಲ್ಲಿ ನಮ್ಮ ಹೋಟೆಲ್ ರೂಮಿನ ಕಿಟಕಿ ತೆಗೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಎದುರು ಕಟ್ಟಡದ ಗೋಡೆ, ಅದರ ಮೇಲೆ ಉದ್ದಕ್ಕೂ ಇಳಿದ ಪೈಪುಗಳು. ನೀರು ಕಾಯಿಸುವ ಕೆಟಲಿನ ವೈರು ಎಷ್ಟು ಗಿಡ್ಡವಿತ್ತೆಂದರೆ ಅದನ್ನು ಬಚ್ಚಲಿನ ಹೊಸ್ತಿಲ ಮೇಲೆ ಇಟ್ಟೇ ಟೀ ಮಾಡಬೇಕಿತ್ತು. ಮೊದಲೆರಡು ದಿನ ನನ್ನನ್ನು ಊರೆಲ್ಲ ನಿಲ್ಲಿಸಿದರು. ಹರ್ಷ ಸಿಗಲಿಲ್ಲ. ಅಲ್ಲಿಯ ಜನ ಬಸ್ಸಿಗೆ ಕಾಯುತ್ತಿದ್ದರು, ತರಕಾರಿ ಆರಿಸುತ್ತಿದ್ದರು, ಮಕ್ಕಳಿಗೆ ಗದರುತ್ತಿದ್ದರು. ನಮ್ಮ ಹಾಗೇ ಬದುಕುತ್ತಿದ್ದರು.

“ಇಷ್ಟು ದೂರ ಬಂದ್ರೂ ಇವರು ನಮ್ಮೋರ ಥರಾನೇ ಇದ್ದಾರಲ್ಲೇ!” ಅಂತ ನಮ್ಮನೆಯವರು ಯಾರೋ ಮೋಸ ಮಾಡಿದ ಹಾಗೆ ಕೂಗಾಡಿದರು.

ಮೂರನೆಯ ದಿನ ಅದೃಷ್ಟ ಖುಲಾಯಿಸಿತು. ಆ ಊರಿನ ತಂಡ ಯಾವುದೋ ಆಟದಲ್ಲಿ ಕಪ್ ಗೆದ್ದಿತ್ತು. ಆಟಗಾರರು ಮಧ್ಯಾಹ್ನ ತೆರೆದ ಬಸ್ಸಿನಲ್ಲಿ ದೊಡ್ಡ ಬೀದಿಯಲ್ಲಿ ಬರುವವರಿದ್ದರು. ಬೆಳಗಿನಿಂದಲೇ ಅಂಗಡಿಗಳಿಗೆ ನೀಲಿ, ಬಿಳಿ ಬಟ್ಟೆ ಕಟ್ಟುತ್ತಿದ್ದರು. ಹಲ್ಲು ಡಾಕ್ಟ್ರು ಬೂಟಿಗೆ ಹೊಸ ದಾರ ಹಾಕಿಕೊಂಡು ಮುಂಚೆಯೇ ಹೋಗಿಬಿಟ್ಟಿದ್ದರು. ಅವರ ಹೆಂಡತಿ ಅಂಗಡಿ ಸುತ್ತಲು ಹೋದರು. ನಮ್ಮನೆಯವರು ನನ್ನನ್ನು ಬೀದಿ ಬದಿಯ ಒಂದು ಇಸ್ತ್ರಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂರಿಸಿ, ಲೆನ್ಸುಗಳ ದೊಡ್ಡ ಬ್ಯಾಗನ್ನು ತೊಡೆಯ ಮೇಲಿಟ್ಟರು.

“ಇವತ್ತು ನೆಪ ಬೇಡ. ಈ ಗದ್ದಲದಲ್ಲಿ ಯಾರೂ ಕ್ಯಾಮೆರಾ ನೋಡಲ್ಲ. ನೀನು ಇಲ್ಲೇ ಕೂತಿರು. ಬ್ಯಾಗ್ ಬಿಟ್ಟು ಏಳ್ಬೇಡ. ಭೂಮಿ ನಡುಗಿದ್ರೂ ಏಳ್ಬೇಡ.”

“ಮತ್ತೆ ನಾನು ಏನೂ ನೋಡೋದು ಬೇಡ್ವಾ?”

“ಸಾಯಂಕಾಲ ಫೋಟೋದಲ್ಲಿ ತೋರಿಸ್ತೀನಲ್ಲ.”

ಜನ ಸೇರತೊಡಗಿದರು. ತಮಟೆಯಂಥದ್ದೇನೋ ಬಾರಿಸುತ್ತಾ, ಪೀಪಿ ಊದುತ್ತಾ, ಮುಖಕ್ಕೆಲ್ಲ ನೀಲಿ ಬಿಳಿ ಬಳಿದುಕೊಂಡು ಬಂದರು. ನಾನು ಬ್ಯಾಗನ್ನು ಹಸುಗೂಸಿನ ಹಾಗೆ ಅವುಚಿಕೊಂಡು ಬೆನ್ನುಗಳನ್ನು ನೋಡುತ್ತಾ ಕೂತಿದ್ದೆ. ಇಸ್ತ್ರಿ ಅಂಗಡಿಯ ಹೆಂಗಸು ಒಳಗಿನಿಂದ ನೋಡುತ್ತಿದ್ದಳು. ಅಗಲ ಮೈ, ಗಟ್ಟಿ ತೋಳು, ಮುಂಗೈ ತುಂಬ ಹಳೆಯ ಸುಟ್ಟ ಗಾಯದ ಗೆರೆಗಳು. ಅವಳು ಹೊರಗೆ ಬಂದು ಅವಳ ಭಾಷೆಯಲ್ಲಿ ಏನೋ ಕೇಳಿದಳು. ನಾನು ಬ್ಯಾಗು ತೋರಿಸಿದೆ. ಬೆರಳಿನಿಂದ ಮೀಸೆ ಬರೆದು, ಕಣ್ಣಿಗೆ ಕ್ಯಾಮೆರಾ ಹಿಡಿದು, ಗಂಡನನ್ನು ವರ್ಣಿಸಿದೆ. ಅವಳಿಗೆ ಪೂರ್ತಿ ಅರ್ಥವಾಯಿತು. ಈ ಒಂದು ವಿಷಯಕ್ಕೆ ಭಾಷೆ ಬೇಕಾಗುವುದಿಲ್ಲ ಅಂತ ಕಾಣುತ್ತದೆ. ಬಗ್ಗಿ ನನ್ನ ತೊಡೆಯಿಂದ ಬ್ಯಾಗನ್ನು ಕಿತ್ತುಕೊಂಡು, ಒಳಗೆ ಮಡಿಸಿಟ್ಟ ಶರಟುಗಳ ರಾಶಿಯ ಹಿಂದೆ ತಳ್ಳಿ, ಇಸ್ತ್ರಿಯ ಪ್ಲಗ್ಗು ಎಳೆದಳು.

ಆಮೇಲೆ ನನ್ನನ್ನು ಒಳಗೆ ಕೂರಿಸಿದಳು. ಬಿಸಿ ಬಟ್ಟೆಯ ವಾಸನೆ, ಗೋಡೆಯುದ್ದಕ್ಕೂ ಹ್ಯಾಂಗರುಗಳು. ವರ್ಷಗಟ್ಟಲೆಯಿಂದ ಯಾರೂ ತೆಗೆದುಕೊಂಡು ಹೋಗದ ಒಂದು ನೀಲಿ ಕೋಟು ಮೂಲೆಯಲ್ಲಿ ನೇತಾಡುತ್ತಿತ್ತು. ಅದನ್ನು ನನಗೆ ತೊಡಿಸಿದಳು. ಒಂದು ಬಿಳಿ ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದಳು. ಬಣ್ಣದ ಡಬ್ಬಿಗೆ ಹೆಬ್ಬೆರಳು ಅದ್ದಿ ನನ್ನ ಮುಖದ ಅರ್ಧಕ್ಕೆ ನೀಲಿ, ಅರ್ಧಕ್ಕೆ ಬಿಳಿ ಬಳಿದಳು. ನನ್ನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಯಾರಾದರೂ ನೋಡಿ ಬಹಳ ಕಾಲವಾಗಿತ್ತು. ಶಟರ್ ಎಳೆದು ಬೀಗ ಹಾಕಿ, ನನ್ನ ತೋಳು ಹಿಡಿದು ಜನರ ನಡುವೆ ನುಗ್ಗಿದಳು.

ಬಸ್ಸು ಬಂತು. ಮೇಲೆ ನಿಂತ ಹುಡುಗರು ಹೊಳೆಯುವ ಪಾತ್ರೆಯಂಥದ್ದನ್ನು ಎತ್ತಿ ತೋರಿಸಿದರು. ಎಲ್ಲರೂ ಕಿರುಚಿದರು. ಯಾವ ಆಟ, ಯಾರ ಮೇಲೆ ಗೆದ್ದರು, ನನಗೆ ಒಂದೂ ಗೊತ್ತಿರಲಿಲ್ಲ. ನಾನೂ “ಗೆದ್ವಿ! ಗೆದ್ವಿ!” ಅಂತ ಕಿರುಚಿದೆ. ಮನೆಯಲ್ಲಿ ಟೀವಿ ರಿಮೋಟನ್ನು ಕೂಡ ಗೆಲ್ಲದವಳು ಅಲ್ಲಿ ಒಂದಿಡೀ ಕಪ್ ಗೆದ್ದೆ. ಇಸ್ತ್ರಿಯವಳು ನನ್ನ ಭುಜ ಹಿಡಿದು ಅಲುಗಾಡಿಸಿದಳು. ಮೇಲಿನಿಂದ ಕಾಗದದ ಚೂರು ಸುರಿಯಿತು, ಒಂದು ನೇರ ನನ್ನ ಬಾಯಿಗೆ ಬಿತ್ತು. ಯಾಕೆಂದರೆ ಬಾಯಿ ಪೂರ್ತಿ ತೆರೆದಿತ್ತು. ತುಟಿ ಸೇರಿಸು ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಹೊಟ್ಟೆ ನೋಯುವ ತನಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ.

ಬಸ್ಸು ಹೋದ ಮೇಲೆ ಅಂಗಡಿಯ ಬಚ್ಚಲಿನಲ್ಲಿ ಮುಖ ತೊಳೆದು, ಕೋಟು ಟೋಪಿ ಕಳಚಿಟ್ಟು, ಬ್ಯಾಗು ತೆಗೆದುಕೊಂಡು ಬೆಂಚಿನ ಮೇಲೆ ಕೂತೆ. ನಮ್ಮನೆಯವರು ಬೆವರುತ್ತಾ ಬಂದರು.

“ಎದ್ದಿರ್ಲಿಲ್ಲ ತಾನೇ?”

“ನೀವೇ ಬೇಡ ಅಂದಿದ್ರಲ್ಲ.”

“ಗುಡ್” ಅಂದರು. ನನ್ನ ಕಿವಿಯ ಹಿಂದೆ ನೀಲಿ ಬಣ್ಣ ಹಾಗೇ ಉಳಿದಿತ್ತು. ಎಷ್ಟೋ ಚಿತ್ರಗಳಿಂದ ಕತ್ತರಿಸಿ ಎಸೆದ ಕಿವಿ. ಅದಾದರೂ ಅವರಿಗೆ ಗುರುತು ಸಿಗಬಹುದು ಅಂದುಕೊಂಡಿದ್ದೆ.

ರೂಮಿಗೆ ಬಂದವರೇ ಮಂಚದ ಮೇಲೆ ಹಾರಿ ಕೂತು ಕೂಗಿದರು. “ಹತ್ತನೇದು! ಬಾರೇ ಇಲ್ಲಿ! ಸಿಕ್ತು! ಕಂಬದ ಕಟ್ಟೆ ಹತ್ತಿ ದೂರದಿಂದ ಹೊಡ್ದೆ!”

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನಾನಿದ್ದೆ.

ಟೋಪಿ, ಕೋಟು, ಅರ್ಧ ನೀಲಿ ಅರ್ಧ ಬಿಳಿ ಮುಖ, ಆಕಾಶಕ್ಕೆ ಎತ್ತಿದ ಗಲ್ಲ, ಗುಹೆಯಷ್ಟು ತೆರೆದ ಬಾಯಿ. ಆ ಗುಹೆಯಲ್ಲಿ ಒಂದು ಹೊಸ ಟೈಲ್ಸ್. ಸಿಕ್ಕಿಬಿದ್ದೆ ಅಂದುಕೊಂಡು ಅವರ ಮುಖ ನೋಡಿದೆ. ಅವರ ಕಣ್ಣಲ್ಲಿ ನೀರು ತುಂಬಿತ್ತು.

“ನೋಡು ಈ ಹೆಂಗಸನ್ನ. ಇದು ನಗು ಅಂದ್ರೆ! ನಮ್ಮ ಕಡೆ ಹೆಂಗಸರಿಗೆ ಈ ಥರ ನಗೋಕೆ ಬರಲ್ಲ. ಇದು ಆ ಮಣ್ಣಲ್ಲೇ ಹುಟ್ಟಿರ್ಬೇಕು, ರಕ್ತದಲ್ಲೇ ಬಂದಿರ್ಬೇಕು.”

“ಹೌದೇನ್ರೀ?”

“ಹಲ್ಲು ನೋಡು,” ಅಂತ ಅದನ್ನೇ ದೊಡ್ಡದು ಮಾಡಿದರು. “ಒಂದು ಬೆಳ್ಳಗಿದೆ, ಉಳಿದಿದ್ದು ಹಳದಿ. ಮುಚ್ಚಿಡ್ತಿದ್ದಾಳಾ? ಇಲ್ಲ! ಸಹಜ! ನಿಮ್ಮ ಥರ ನಾಚಿಕೊಂಡು ಸಾಯಲ್ಲ. ಆದ್ರೆ ಈ ಭುಜದ ಮೇಲೆ ಯಾವುದೋ ಕೈ ಬಂದು ಹಾಳು ಮಾಡಿದೆ. ಕತ್ತರಿಸ್ಬೇಕು.”

ಅದು ಇಸ್ತ್ರಿಯವಳ ಕೈ.

“ಕೈ ಇರ್ಲಿ ಬಿಡ್ರಿ.”

“ನಿಂಗೇನ್ ಗೊತ್ತಾಗುತ್ತೆ ಕಾಂಪೋಸಿಷನ್? ಟೀ ಮಾಡು ಹೋಗು.”

ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಹತ್ತನೆಯದು ಅಲ್ಲೇ ಬಿದ್ದುಹೋಗುತ್ತಿತ್ತು, ಬಂಧುಗಳು ಕೂಡದಲ್ಲ. ಜೊತೆಗೆ ಆ ಚಿತ್ರವನ್ನು ನೋಡುತ್ತಿದ್ದ ಒದ್ದೆ ಕಣ್ಣು ಆ ಕ್ಷಣವೇ ಒಣಗಿ, ನಷ್ಟ ಅಂದಾಜಿಸುವ ಕಣ್ಣಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಇವರಿಗೆ ಗೊತ್ತಾಗಲು ಎಷ್ಟು ಕಾಲ ಬೇಕು ಅಂತ ನೋಡುವ ದುಷ್ಟ ಕುತೂಹಲ ನನಗೆ ಹುಟ್ಟಿತ್ತು. ಬಚ್ಚಲ ಹೊಸ್ತಿಲಲ್ಲಿ ಕುಕ್ಕರಿಸಿ ಟೀ ಮಾಡಿದೆ.

ಊರಿಗೆ ಬಂದ ಮೇಲೆ ಆ ಚಿತ್ರ ದಿನವೂ ಕಂಪ್ಯೂಟರಿನ ತುಂಬ ತೆರೆದಿರುತ್ತಿತ್ತು. ಕೈಯನ್ನು ಕತ್ತರಿಸಿದರು. ಕೆನ್ನೆಯ ನೆರಳು ತಿದ್ದಿದರು. ಕಣ್ಣಿನ ಸುತ್ತ ಒಂದೊಂದೇ ಸುಕ್ಕನ್ನು ಪ್ರೀತಿಯಿಂದ ಎತ್ತಿ ತೋರುವ ಹಾಗೆ ಮಾಡಿದರು. ನಾನು ಪರದೆಯ ಪಕ್ಕದಲ್ಲೇ ನಿಂತು ತಿಂಡಿಯ ತಟ್ಟೆ ಕೊಡುತ್ತಿದ್ದೆ. ಒಂದೇ ಮುಖ ಎರಡು ಕಡೆ. ಒಂದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು, ಇನ್ನೊಂದಕ್ಕೆ “ಉಪ್ಪು ಕಮ್ಮಿ” ಅನ್ನುತ್ತಿದ್ದರು. ಡಾಕ್ಟ್ರೂ ಹಲ್ಲು ಬದಲಾಯಿಸುವ ಮಾತು ಎತ್ತಲಿಲ್ಲ. ಅವರಿಗೆ ಹತ್ತನೆಯದಾಗಿ ಒಬ್ಬ ಪೀಪಿಯವನ ಹೊಳ್ಳೆಗಳು ಸಿಕ್ಕಿದ್ದವು, ಅದರ ಸಂಭ್ರಮದಲ್ಲಿದ್ದರು.

ಪ್ರದರ್ಶನದ ದಿನ ಬಾಡಿಗೆ ಸಭಾಂಗಣದ ಎದುರು ಗೋಡೆಗೆ ನಮ್ಮನೆಯವರ ಹತ್ತು ಹರ್ಷಗಳನ್ನು ನೇತು ಹಾಕಿದ್ದರು. ನಡುವೆ ನಾನು, ಬಾಗಿಲಿನಷ್ಟು ದೊಡ್ಡದಾಗಿ. ಕೆಳಗೆ ಚಿತ್ರದ ಹೆಸರು: ‘ಅಪರಿಚಿತೆ’. ಹಿರಿಯ ತೀರ್ಪುಗಾರರು ಕೋಲೂರಿಕೊಂಡು ಅದರ ಮುಂದೆ ಬಹಳ ಹೊತ್ತು ನಿಂತರು.

“ಆಹಾ! ಇವಳಿಗೆ ಗಂಡ, ಮನೆ, ಮಠ ಅಂತ ಯಾವ ಯೋಚನೆಯೂ ಇಲ್ಲ, ನೋಡಿ.”

ಅದೊಂದು ಮಾತು ಮಾತ್ರ ನಿಜ ಅಂದುಕೊಂಡೆ.

ಅಧ್ಯಕ್ಷರು ಮೈಕಿನಲ್ಲಿ ಈ ವರ್ಷದ ಸಹಜ ಶಿರೋಮಣಿ ಯಾರೆಂದು ಘೋಷಿಸಿದರು. ನಮ್ಮನೆಯವರ ಕೊರಳಿಗೆ ಪದಕ ಬಿತ್ತು. ಚಪ್ಪಾಳೆ ಹೊಡೆಯುತ್ತಾ ನಾನು ಚಿತ್ರದ ಅಡಿಯಲ್ಲೇ ನಿಂತಿದ್ದೆ. ಅಷ್ಟು ಜನರಲ್ಲಿ ಒಬ್ಬರಾದರೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಿದ್ದರೆ ಸಾಕಿತ್ತು. ಎಲ್ಲರೂ ಕಣ್ಣಿನ ಬಗ್ಗೆ ಭಾಷಣ ಮಾಡುವವರು. ನೋಡಲು ಪುರುಸೊತ್ತೆಲ್ಲಿ?

ಸೋತ ಹಲ್ಲು ಡಾಕ್ಟ್ರು ಮಾತ್ರ ತಪ್ಪು ಹುಡುಕಲು ಚಿತ್ರದ ಹತ್ತಿರ ಬಂದರು. ಕನ್ನಡಕ ಹಣೆಗೇರಿಸಿ, ಮೂಗು ತಗಲುವಷ್ಟು ಹತ್ತಿರ ಹೋಗಿ, ಬೆಳಕನ್ನಲ್ಲ, ನೆರಳನ್ನಲ್ಲ, ಬಾಯಿಯನ್ನು ನೋಡಿದರು. ಪಾಪ, ಕಸುಬಿನ ಚಾಳಿ. ನಿಧಾನವಾಗಿ ನನ್ನ ಕಡೆ ತಿರುಗಿದರು.

“ಅತ್ತಿಗೆ, ಒಂದ್ಸಲ ಬಾಯಿ ತೆಗೀರಿ.”

ನಮ್ಮನೆಯವರು ಪದಕ ಸರಿಮಾಡಿಕೊಳ್ಳುತ್ತಾ ನಕ್ಕರು. “ಏನ್ ಡಾಕ್ಟ್ರೇ, ಇಲ್ಲೂ ಕ್ಲಿನಿಕ್ ಇಟ್ಬಿಟ್ರಾ? ಸೋತಿದ್ದು ತಲೆಗೆ ಹತ್ತಿದೆಯಾ?”

“ತೆಗೀರಿ ಅತ್ತಿಗೆ. ದೊಡ್ಡದಾಗಿ.”

ತುಟಿ ಬಿಗಿದು ನಿಂತೆ. ಇವರ ಬಿರುದು ನನ್ನ ಬಾಯಲ್ಲಿತ್ತು, ತೆರೆದರೆ ಬೀಳುತ್ತಿತ್ತು. ಆದರೆ ಕುಕ್ಕರಗಾಲಿನ ಈ ಕಲಾವಿದ ಬೆರಳು ಮುಂದೆ ಮಾಡಿಕೊಂಡು ನನ್ನ ಬಾಯೊಳಗೆ ಇಣುಕುತ್ತಿದ್ದಾರೆ, ಆ ಶಿರೋಮಣಿ ಕೊರಳ ಪದಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾರೆ. ಎಷ್ಟು ಅಂತ ತಡೆಯಲಿ? ಒಳಗಿನಿಂದ ನಗು ಉಕ್ಕಿ ಬಂತು. ಗಲ್ಲ ಮೇಲೆದ್ದಿತು, ಬಾಯಿ ಪೂರ್ತಿ ತೆರೆಯಿತು.

ಗೋಡೆಯ ಮೇಲೊಂದು, ಕೆಳಗೊಂದು. ಅದೇ ಗುಹೆ, ಅದೇ ಟೈಲ್ಸ್.

“ಇದು ನಂದು!” ಡಾಕ್ಟ್ರು ಚೀರಿದರು. “ಈ ಹಲ್ಲು ನಾನು ಕಟ್ಟಿದ್ದು! ಇದು ಅತ್ತಿಗೆ! ಮೋಸ! ಹೆಂಡ್ತಿಗೆ ವೇಷ ಹಾಕ್ಸಿ ಹೊಡ್ದಿದ್ದಾರೆ!”

ಹಿಂದಿನ ಸಾಲಿನಿಂದ ಒಬ್ಬ ಸದಸ್ಯರು ಕೇಳಿದರು. “ಅದೊಂದೇ ಯಾಕ್ರೀ ಡಾಕ್ಟ್ರೇ ಅಷ್ಟು ಬೆಳ್ಳಗಿದೆ?”

“ಅದು... ಲ್ಯಾಬಿನವನ ತಪ್ಪು.”

“ನಮ್ಮತ್ತೆಗೂ ನೀವೇ ಕಟ್ಟಿದ್ದಲ್ವಾ? ಅವರು ಟಾರ್ಚ್ ಇಲ್ದೇನೇ ಓಡಾಡ್ತಾರೆ!”

ನಗೆಯ ಮಧ್ಯೆ ಅಧ್ಯಕ್ಷರು ಕೈ ಎತ್ತಿದರು. ಮುಖ ಗಂಭೀರವಾಗಿತ್ತು. ನಮ್ಮನೆಯವರು ಚಿತ್ರವನ್ನೂ ನನ್ನನ್ನೂ ಸರದಿಯ ಮೇಲೆ ನೋಡುತ್ತಿದ್ದರು. ಬಾಯಿ ತೆರೆದೇ ಇತ್ತು. ಸಹಜವಾಗಿ.

“ನೋಡಿ ಸಾರ್,” ಅಧ್ಯಕ್ಷರು ಅವರಿಗೆ ಹೇಳಿದರು. “ಗೊತ್ತಿದ್ದು ಹೊಡೆದ್ರಿ ಅಂದ್ರೆ ಮೋಸ. ಪದಕ ವಾಪಸ್ಸು, ಬಳಗದಿಂದ ಹೊರಗೆ. ಗೊತ್ತಿಲ್ದೆ ಹೊಡೆದ್ರಿ ಅಂದ್ರೆ...” ಮುಂದಿನ ಮಾತನ್ನು ನುಂಗಿಕೊಂಡರು.

ನುಂಗಿದ ಮಾತು ಏನು ಅಂತ ಸಭೆಗೆಲ್ಲ ಗೊತ್ತಾಯಿತು. ಕಳ್ಳರಾಗುತ್ತೀರೋ, ಸ್ವಂತ ಹೆಂಡತಿಯ ಗುರುತು ಸಿಗದವರಾಗುತ್ತೀರೋ. ಮರ್ಯಾದಸ್ಥನಿಗೆ ಕಷ್ಟದ ಪ್ರಶ್ನೆ. ನಮ್ಮನೆಯವರಿಗೆ ಅರೆಕ್ಷಣವೂ ಹಿಡಿಯಲಿಲ್ಲ.

“ದೇವರಾಣೆ ಗೊತ್ತಿರ್ಲಿಲ್ಲ ಸಾರ್! ಇವಳು ಅಂತ ಗೊತ್ತಿದ್ರೆ ನಾನು ಕ್ಲಿಕ್ಕೇ ಮಾಡ್ತಿರ್ಲಿಲ್ಲ!”

ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಒಟ್ಟಿಗೆ ಉಸಿರೆಳೆದುಕೊಂಡರು. ಹಿರಿಯ ತೀರ್ಪುಗಾರರ ಮುಖ ಮಾತ್ರ ಅರಳಿತು. ಕೋಲನ್ನು ನನ್ನ ಕಡೆ ತಿರುಗಿಸಿದರು.

“ಅಮ್ಮಾ, ನೀವು ಹೇಳಿ. ಇವರು ನಿಮ್ಮನ್ನ ನಿಲ್ಸಿ ತೆಗೆದಿದ್ದಾ?”

ಒಂದು ಸುಳ್ಳು ಸಾಕಿತ್ತು. ‘ಹೂಂ, ನಿಲ್ಸಿದ್ರು’ ಅಂದಿದ್ದರೆ ಪದಕ ಅಲ್ಲೇ ಕಳಚುತ್ತಿತ್ತು. ಎಷ್ಟು ದೇಶಗಳಲ್ಲಿ ನಿಲ್ಲಿಸಿದ್ದಾರೆ, ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ನಮ್ಮನೆಯವರು ಕೈ ಮುಗಿಯುವ ಹಾಗೆ ನನ್ನನ್ನೇ ನೋಡುತ್ತಿದ್ದರು. ಅಷ್ಟು ನೆಟ್ಟಗೆ ನನ್ನನ್ನು ನೋಡಿದ್ದು ಅದೇ ಮೊದಲು. ಆದರೆ ಇಂಥ ಮನುಷ್ಯನನ್ನು ಕೆಡವಲು ಸುಳ್ಳು ದಂಡ. ನಿಜವೇ ಸಾಕು.

“ಇಲ್ಲ ಸಾರ್. ನನ್ನನ್ನ ಲೆನ್ಸಿನ ಬ್ಯಾಗ್ ಕಾಯೋಕೆ ಕೂರ್ಸಿ ಹೋಗಿದ್ರು. ನಾನು ಎದ್ದು ಹೋಗಿ ಕುಣಿದೆ. ಇವರು ಕ್ಯಾಮೆರಾ ಹಿಡ್ದಿದ್ದು ನಂಗೂ ಗೊತ್ತಿಲ್ಲ, ನಾನು ಅಂತ ಅವರಿಗೂ ಗೊತ್ತಿಲ್ಲ. ಅವರಿಗೆ ನನ್ನ ಪರಿಚಯ ಅಷ್ಟಿಲ್ಲ ಸಾರ್. ಇದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.”

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಡಾಕ್ಟ್ರು ಬಿಡಲಿಲ್ಲ. “ಆದ್ರೂ ಬಂಧು ಕೂಡ್ದು ಅಂತ ನಿಯಮ ಇದೆ!”

“ಪರಿಚಯಾನೇ ಇಲ್ಲ ಅಂದ್ಮೇಲೆ ಬಂಧು ಎಲ್ಲಿಂದ ಬಂದ್ರು ಡಾಕ್ಟ್ರೇ?” ಅಂದರು ತೀರ್ಪುಗಾರರು. “ಇಬ್ಬರೂ ಒಪ್ಪಿದ್ದಾರೆ. ಇದಕ್ಕಿಂತ ಶುದ್ಧವಾದ ಅಪರಿಚಿತೆ ಬಳಗದ ಚರಿತ್ರೆಯಲ್ಲೇ ಬಂದಿಲ್ಲ. ಬಿರುದು ಊರ್ಜಿತ.”

ಚಪ್ಪಾಳೆ ಬಿತ್ತು. ನಮ್ಮನೆಯವರು ಹೋದ ಜೀವ ಬಂದವರಂತೆ ಅಧ್ಯಕ್ಷರ ಕೈ ಕುಲುಕಿದರು, ತೀರ್ಪುಗಾರರ ಕೈ ಕುಲುಕಿದರು, ಸಾಲಾಗಿ ನಿಂತವರ ಕೈಯನ್ನೆಲ್ಲ ಕುಲುಕುತ್ತಾ ಬಂದು ಅದೇ ರಭಸದಲ್ಲಿ ನನ್ನ ಕೈಯನ್ನೂ ಕುಲುಕಿದರು. “ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್” ಅಂದು ಮುಂದಿನವರ ಕಡೆಗೆ ಹೋದರು.

ಮನೆಗೆ ಹೋಗುವಾಗ ಕಾರಿನಲ್ಲೂ ಪದಕ ಕೊರಳಲ್ಲೇ ಇತ್ತು, ಸೀಟುಬೆಲ್ಟಿಗೆ ತಾಗಿ ಟಿಕ್ ಟಿಕ್ ಅನ್ನುತ್ತಿತ್ತು. ಸಿಗ್ನಲ್ ಕೆಂಪಾಯಿತು. ಅವರು ಸ್ಟೀರಿಂಗಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. ಹಣೆ, ಕಣ್ಣು, ಕೆನ್ನೆ, ಒಂದೊಂದನ್ನೇ ನೋಡಿದರು. ಏನೋ ಹೇಳಬೇಕೆಂದು ತುಟಿ ಅಲುಗಿತು. ಮೂರ್ಖಳ ಹಾಗೆ ನಾನೂ ಒಂದು ಕ್ಷಣ ಕಾದೆ.

“ಅಲ್ಲ ಕಣೇ,” ಅಂದರು. “ನೀನು ಅಲ್ಲಿ ಕುಣೀತಿದ್ದೆ ಅಂದ್ರೆ, ಲೆನ್ಸಿನ ಬ್ಯಾಗು ಯಾರ ಹತ್ರ ಇತ್ತು?”

ನನಗೆ ಮತ್ತೆ ಬಂತು ನೋಡಿ ನಗು. ಸೀಟಿಗೆ ತಲೆ ಆನಿಸಿ, ಗಲ್ಲ ಎತ್ತಿ, ಹೊಸ ಟೈಲ್ಸ್ ಪೂರ್ತಿ ಕಾಣುವ ಹಾಗೆ ನಗತೊಡಗಿದೆ. ಅವರ ಕಣ್ಣು ಅಗಲವಾಯಿತು. ಕೈ ತಾನಾಗಿ ಹಿಂದಿನ ಸೀಟಿನ ಕ್ಯಾಮೆರಾ ತಡಕಿತು.

“ಹಾಗೇ ಇರು! ಹಾಗೇ ಇರು! ಒಂಚೂರು ಎಡಕ್ಕೆ...”

ಇಷ್ಟು ವರ್ಷ ಅವರು ಕಲಿಸಿಕೊಟ್ಟ ಹಾಗೆಯೇ, ನಾನು ತುಟಿ ಸೇರಿಸಿ ಬಾಯಿ ಮುಚ್ಚಿಕೊಂಡೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯತೊಡಗಿದ.